ಬದಲಿ ದಿಂಬು

"ನಮ್ಮ ಹುಡಿಗ್ಯಾರ ದಿಂಬಿಗೆ ಇಂಥಾದೊಂದ ತೆಲಿ ಬೇಕಾಗಿತ್ತು ನೋಡ್ರಿ. ಒಳಗ ಏನೇನೂ ಇಲ್ಲ. ಅದಕ್ಕ ನಿದ್ದಿ ಭಾಳ ಛಲೋ ಬರ್ತೈತಿ."

ಕಾಲೇಜಿನ ಹುಡುಗಿಯರ ಹಾಸ್ಟೆಲಿನ ಮೇಲ್ವಿಚಾರಕ ಇಟಗಿ ಸರ್ ಹೀಗಂದು, ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವವರ ಹಾಗೆ ಬೆರಳ ಗೆಣ್ಣಿನಿಂದ ನನ್ನ ನೆತ್ತಿಯ ಮೇಲೆ ಟಕ್ ಟಕ್ ಎಂದು ಬಡಿದು ತೋರಿಸಿದರು. ಹಾಸ್ಟೆಲಿನ ಅಂಗಳ ತುಂಬ ಜನ. ಹುಡುಗಿಯರಿದ್ದರು, ಅವರನ್ನು ನೋಡಲು ಬಂದ ತಾಯಂದಿರಿದ್ದರು, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವರಿದ್ದರು. ಎಲ್ಲರೂ ನಕ್ಕರು. ಅವರನ್ನು ಬಯ್ಯಲಾರೆ, ಮಾತು ನಗು ಬರುವಂಥದ್ದೇ ಇತ್ತು. ನಾನು ನೋಡಿದ್ದು ಅಕ್ಕನ ಮುಖ. ಅವಳು ಸರ್ ಪಕ್ಕದಲ್ಲಿ ಹಸಿರು ದೀಪದ ಸಣ್ಣ ಡಬ್ಬಿ ಹಿಡಿದು ನಿಂತಿದ್ದಳು. ಅಕ್ಕನೂ ನಕ್ಕಳು. ತುಟಿ ಮುಚ್ಚಿಕೊಂಡಲ್ಲ, ಹಲ್ಲು ಕಾಣುವ ಹಾಗೆ.

ನನ್ನ ಬೆನ್ನ ಮೇಲೆ ಹಗ್ಗದಿಂದ ಕಟ್ಟಿದ ಹೊಸ ದಿಂಬುಗಳ ಹೊರೆ ಇತ್ತು. ಅದನ್ನು ಅಲ್ಲೇ ದೊಪ್ಪೆಂದು ಇಳಿಸಿದೆ. "ತುಂಬಿದ ತೆಲಿಯಾವ್ರು ಇಷ್ಟ ಮಂದಿ ಅದೀರಲ್ರೀ ಸರ, ಒಬ್ಬರಿಗ್ಯಾರಿಗರ ನಿದ್ದಿ ಐತೇನು?"

ಈ ಸಲ ನಗು ನನ್ನ ಕಡೆಗೆ ಬಿತ್ತು. ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡರು. ಇಟಗಿ ಸರ್ ಕಿವಿ ಕೆಂಪಾಯಿತು. ನಗು ನಿಲ್ಲಿಸಿದವಳು ಅಕ್ಕ ಒಬ್ಬಳೇ. "ಲಾಲೂ, ಬಾಯಿ ಮುಚ್ಚಿಕೊಂಡು ದಿಂಬ ಒಳಗ ಇಡು," ಅಂದಳು, ಹಲ್ಲು ಕಚ್ಚಿ.

ನನ್ನ ಬಾಯಿ ಹಾಗೆಯೇ. ಗಾದಿ ಅಂಗಡಿ ಲಾಲಸಾಬ ಅಂದರೆ ಪೇಟೆಗೆಲ್ಲ ಗೊತ್ತು. ಅವನ ಜೋಡಿ ಚೌಕಾಸಿ ಮಾಡಿದರೆ ಗಿರಾಕಿಯ ಮುಖಕ್ಕೇ ಹತ್ತಿ ತೂರುತ್ತಾನೆ ಅನ್ನುತ್ತಾರೆ. ತೂರಿದ್ದೂ ಉಂಟು. ಅಪ್ಪ ಸಾಯುವಾಗ ನನಗೆ ಬಿಟ್ಟುಹೋದದ್ದು ಹತ್ತಿ ಹಿಂಜುವ ಬಿಲ್ಲು, ಆ ಗೂಡಿನಂಥ ಅಂಗಡಿ, ಮತ್ತೆ ಈ ಸಿಟ್ಟು. ಆದರೆ ಸಿಟ್ಟು ನನ್ನ ಕೈಗೆ ಹತ್ತಿದೆ, ನಾಲಿಗೆಗೆ ಹತ್ತಿದೆ, ಯಾಕೋ ನೆತ್ತಿಗೆ ಮಾತ್ರ ಏರಿಲ್ಲ. ಅದು ಗೊತ್ತಿದ್ದವಳು ಅಕ್ಕ ಒಬ್ಬಳೇ. ನನ್ನ ದಿಂಬಿನ ಮೇಲೆ ಮಲಗಿದವಳು ಅವಳೊಬ್ಬಳೇ ಅಲ್ಲವೇ.

ನಮ್ಮ ಕಡೆ ಯಾರಿಗೂ ತಮ್ಮದೇ ದಿಂಬಿನ ಮೇಲೆ ನಿದ್ದೆ ಬರುವುದಿಲ್ಲ. ಇನ್ನೊಬ್ಬರು ತಲೆಯಿಟ್ಟು ಎದ್ದ ದಿಂಬು ಬೇಕು. ಬೆಳಗಾದ ಕೂಡಲೇ ಗಂಡನ ದಿಂಬು ಹೆಂಡತಿಯ ಕಡೆಗೆ, ಹೆಂಡತಿಯದು ಗಂಡನ ಕಡೆಗೆ, ಅಜ್ಜಿಯದು ಮೊಮ್ಮಗನ ಕಡೆಗೆ ಹೋಗುತ್ತದೆ. ಹೀಗೆ ದಿಂಬು ಕೊಟ್ಟು ತೆಗೆದುಕೊಳ್ಳುವವರಿಗೆ ನಾವು ಬದಲಿ ಅನ್ನುತ್ತೇವೆ. ಹೊಸಬರು ಪರಿಚಯವಾದರೆ ಊರು ಕೇರಿ ಆಮೇಲೆ, ಮೊದಲು ಕೇಳುವುದು "ನಿಮ್ಮ ಬದಲಿ ಯಾರ್ರೀ?" ಎಂದು. ಬದಲಿಯ ತಲೆ ಎಂಥದ್ದೋ ನಿದ್ದೆಯೂ ಅಂಥದ್ದೇ. ದಿಂಬಿನ ಒಡೆಯ ಎಷ್ಟು ಹೊತ್ತು ಮಲಗಿದ, ಮಲಗಿದನೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ. ತಲೆ ಇಟ್ಟು ಬಿದ್ದುಕೊಂಡಿದ್ದರೆ ಸಾಕು, ತಲೆಯಲ್ಲಿದ್ದದ್ದು ಅರಳೆಗೆ ಇಳಿಯುತ್ತದೆ. ಬಸ್ ಕಂಡಕ್ಟರನ ಹೆಂಡತಿ ನಿದ್ದೆಗಣ್ಣಿನಲ್ಲಿ "ಮುಂದ ಸರೀರಿ, ಮುಂದ ಸರೀರಿ" ಅನ್ನುತ್ತಾಳೆ. ಗಂಡಹೆಂಡಿರ ಜಗಳವಾದರೆ ಹೆಂಡತಿ ತನ್ನ ದಿಂಬು ಕಂಕುಳಲ್ಲಿಟ್ಟುಕೊಂಡು ತವರಿಗೆ ನಡೆಯುತ್ತಾಳೆ, ಎರಡು ದಿನಕ್ಕೆ ಗಂಡ ಕಣ್ಣು ಕೆಂಡ ಮಾಡಿಕೊಂಡು ಅತ್ತೆಯ ಮನೆಯ ಬಾಗಿಲಲ್ಲಿ ನಿಂತಿರುತ್ತಾನೆ. ಹಿರಿಯರು ಕೂಡಿ ಬುದ್ಧಿ ಹೇಳುವ ಪ್ರಸಂಗವೇ ಬರುವುದಿಲ್ಲ.

ಅಪ್ಪ ಹೋದ ಮೇಲೆ ಅವ್ವ ಪಕ್ಕದ ಮನೆಯ ಚನ್ನವ್ವನ ಬದಲಿಯಾದಳು. ಚನ್ನವ್ವನ ಗಂಡನೂ ಹೋಗಿ ಬಹಳ ದಿನವಾಗಿತ್ತು. ಬೆಳಿಗ್ಗೆ ಇಬ್ಬರೂ ಗೋಡೆಯ ಮೇಲಿಂದ ದಿಂಬು ದಾಟಿಸುವಾಗ ಜಗಳ ಇದ್ದದ್ದೇ. "ಏನ ತೆಲಿಯವ್ವಾ ನಿಂದು, ನಿದ್ದಿ ತುಂಬ ಬರೇ ನಿನ್ನ ಸೊಸೀನ ಕುಂತಿರ್ತಾಳ," ಅಂತ ಅವ್ವ ಅಂದರೆ, "ನಿಂದರ ಏನ ಭಾರೀ, ನಿದ್ದ್ಯಾಗ ಗಾದಿ ಹೊಲದು ಹೊಲದು ನನ್ನ ಬೆರಳೆಲ್ಲಾ ನೋಯಾಕತ್ತಾವ," ಅಂತ ಚನ್ನವ್ವ ಬೆರಳು ನೀವಿಕೊಳ್ಳುತ್ತಿದ್ದಳು. ಆದರೂ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಹಗಲಲ್ಲೂ ದಿಂಬಿಗೆ ತಲೆ ಕೊಟ್ಟು ಮಲಗಿ, ಎದ್ದು, ಅದನ್ನು ಬಿಸಿ ಇರುವಾಗಲೇ ತಂದುಕೊಡುತ್ತಿದ್ದಳು.

ಮದುವೆಯಲ್ಲಿ ಉಳಿದದ್ದೆಲ್ಲ ಗದ್ದಲ. ನಿಜವಾದ ಶಾಸ್ತ್ರ ಒಂದೇ. ಅಲ್ಲಿಯವರೆಗೆ ಹುಡುಗಿಯ ಬದಲಿಯಾಗಿದ್ದವನು, ಅಣ್ಣನೋ ತಮ್ಮನೋ, ಅವಳ ದಿಂಬನ್ನು ಎರಡೂ ಕೈಯಲ್ಲಿ ಎತ್ತಿ ಮದುಮಗನ ಕೈಗೆ ಕೊಡಬೇಕು. ಆಗ ಅವನು ಅತ್ತರೆ ಯಾರೂ ನಗುವುದಿಲ್ಲ. ಎಂಥ ಗಡವನೇ ಇರಲಿ, ಅವತ್ತು ಒಂದು ದಿನ ಅಳುವುದಕ್ಕೆ ಊರಿನ ಪರವಾನಗಿ ಉಂಟು. ನಾನು ಬಿಲ್ಲು ಮೀಟುತ್ತ ಎಷ್ಟೋ ಸಲ ಆ ದಿನವನ್ನು ಮನಸ್ಸಿನಲ್ಲೇ ನಡೆಸಿದ್ದೇನೆ. ಹೊಸ ಅಂಗಿ ಹಾಕಿಕೊಂಡಿದ್ದೆ, ಕೂದಲಲ್ಲಿ ಹತ್ತಿ ಇರಲಿಲ್ಲ, ಮದುಮಗ ಯಾರೆಂದು ಮುಖ ಕಂಡಿರಲಿಲ್ಲ. "ಜ್ವಾಕಿ," ಅನ್ನುತ್ತಿದ್ದೆ ಅವನಿಗೆ, ಅಷ್ಟೇ.

ಅಕ್ಕನ ಹೆಸರು ಜೈತುನ. ನೆನಪು ಬಂದಾಗಿನಿಂದ ನಾನು ಅವಳ ಬದಲಿ. ಅವಳು ಓದುವವಳು. ತಲೆ ದಿಂಬಿಗೆ ತಾಗಿದ ಮೇಲೂ ಒಳಗೆ ಏನೋ ಒಂದನ್ನು ಕೂಡುತ್ತ ಕಳೆಯುತ್ತ ಇರುವವಳು. ಅವಳ ದಿಂಬಿನಲ್ಲಿ ನನಗೆ ಸಿಗುತ್ತಿದ್ದ ನಿದ್ದೆ ಚಹಾದ ಮೇಲಿನ ಕೆನೆಯಷ್ಟು ತೆಳು, ಊದಿದರೆ ಹರಿಯುವಂಥದ್ದು. ನಾನು ಕಲಿಯದ ಲೆಕ್ಕಗಳು ನನ್ನ ನಿದ್ದೆಯಲ್ಲಿ ಬಂದು ಉತ್ತರ ಸಿಗದೆ ಗೋಳಾಡುತ್ತಿದ್ದವು. ಅವಳಿಗೆ ಸಿಗುತ್ತಿದ್ದದ್ದು ನನ್ನದು, ಬೂರಗದ ಅರಳೆಯಂಥ ದಪ್ಪ ನಿದ್ದೆ. ಬೆಳಿಗ್ಗೆ ಅವಳು ಮುಖ ತೊಳೆದ ಹಾಗೆ ಎದ್ದು ಕೂರುತ್ತಿದ್ದಳು. ನಾನು ಕಣ್ಣುಜ್ಜುತ್ತ ಶಾಲೆಗೆ ಹೋಗಿ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ಅವಳು ಪ್ರತಿ ವರ್ಷ ವರ್ಗಕ್ಕೇ ಮೊದಲು ಬಂದಳು. ಆಗ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು ಇದೇ ಇಟಗಿ ಸರ್. ಒಂಬತ್ತನೆಯ ತರಗತಿಯಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನಿಂತಲ್ಲೇ ಕಣ್ಣು ಹತ್ತಿ ಕೆಳಗೆ ಬಿದ್ದೆ. ವರ್ಗವೆಲ್ಲ ನಕ್ಕಿತು. ಕೈಗೆ ಸಿಕ್ಕ ಡಸ್ಟರನ್ನು ಎತ್ತಿ ಬೀಸಿ ಒಗೆದೆ. ಅದು ಅವರಿಗೆ ತಾಗದೆ ಕಿಟಕಿಯ ಗಾಜಿಗೆ ಹೋಯಿತು. ಅವತ್ತು ಹೊರಗೆ ಬಂದವನು ಮತ್ತೆ ಒಳಗೆ ಕಾಲಿಡಲಿಲ್ಲ.

ಇದನ್ನು ಅಕ್ಕನ ಮೇಲೆ ಹಾಕುವುದಿಲ್ಲ. ಅವಳಿಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು, ಬದಲಿಯಲ್ಲಿ ಯಾರಾದರೂ ತಕ್ಕಡಿ ಹಿಡಿಯುತ್ತಾರೆಯೇ? ಅಲ್ಲದೆ ಆ ತೆಳು ನಿದ್ದೆಯಲ್ಲಿ ನನಗೂ ಒಂದು ಸುಖವಿತ್ತು. ಶಾಲೆ ಬಿಟ್ಟ ಮೇಲೆ ಅದು ಹೆಚ್ಚಾಯಿತು. ಕೆಲವು ಸಲ ನಿದ್ದೆಯಲ್ಲಿ ನಾನೇ ಅವಳಾಗಿರುತ್ತಿದ್ದೆ. ಕೈಯೆತ್ತಿ ಎದ್ದು ನಿಲ್ಲುತ್ತಿದ್ದೆ, ನನಗೆ ಅರ್ಥವಾಗದ ಉತ್ತರವೊಂದು ನನ್ನ ಬಾಯಿಂದ ಸರಾಗವಾಗಿ ಬರುತ್ತಿತ್ತು, ಯಾರೋ "ಶಾಬಾಸ್" ಅನ್ನುತ್ತಿದ್ದರು. ಬೆಳಿಗ್ಗೆ ಎದ್ದು ಬಿಲ್ಲಿಗೆ ಕೈ ಹಾಕಿದಾಗ ಆ ಶಾಬಾಸು ಇನ್ನೂ ಬೆನ್ನ ಮೇಲೆ ಇದ್ದ ಹಾಗೆ ಇರುತ್ತಿತ್ತು.

ಕೊನೆಯ ವರ್ಷದವರು ಹಾಸ್ಟೆಲಿನಲ್ಲೇ ಇರಬೇಕೆಂಬ ನಿಯಮ ಕಾಲೇಜಿನದು. ಕಾಲೇಜಿರುವುದು ಊರ ತುದಿಯ ದಿಣ್ಣೆಯ ಮೇಲೆ. ಅಕ್ಕ ಹೋದಳು, ಆದರೆ ಬದಲಿ ತಪ್ಪಲಿಲ್ಲ. ನಾನು ದಿನಾ ಬೆಳಿಗ್ಗೆ ನನ್ನ ದಿಂಬನ್ನು ಸೈಕಲಿನ ಕ್ಯಾರಿಯರಿಗೆ ಕಟ್ಟಿ ದಿಣ್ಣೆ ಹತ್ತುತ್ತಿದ್ದೆ, ಅವಳದನ್ನು ಕಟ್ಟಿಕೊಂಡು ಇಳಿಯುತ್ತಿದ್ದೆ. ಉಳಿದ ಹುಡುಗಿಯರು ದೂರದೂರಿನವರು, ತಮ್ಮತಮ್ಮಲ್ಲೇ ಬದಲಿ ಮಾಡಿಕೊಂಡಿದ್ದರು. ಅಲ್ಲೇ ಎಡವಟ್ಟು. ಎಲ್ಲರದೂ ಪರೀಕ್ಷೆಯ ತಲೆ. ಒಬ್ಬಳ ಭಯ ಇನ್ನೊಬ್ಬಳ ದಿಂಬಿಗೆ, ಅವಳದು ಮತ್ತೊಬ್ಬಳಿಗೆ. ಯಾವಳಿಗೋ ಪ್ರಶ್ನೆಪತ್ರಿಕೆಯ ಎರಡೂ ಬದಿ ಖಾಲಿ ಇದ್ದ ಹಾಗೆ ಕನಸು ಬಿದ್ದದ್ದು, ಸಿಡುಬು ಹರಡಿದ ಹಾಗೆ ಕೋಣೆಯಿಂದ ಕೋಣೆಗೆ ಹರಡಿ ಇಡೀ ಹಾಸ್ಟೆಲು ಚೀರುತ್ತ ಎದ್ದು ಕೂತಿತ್ತಂತೆ. ಅಕ್ಕನಿಗೆ ಮಾತ್ರ ಏನೂ ಆಗಲಿಲ್ಲ.

ಆದರೆ ನಾನು ಹೋಗುವುದು ಅವಳಿಗೆ ಬರಬರುತ್ತ ಮುಜುಗರವಾಯಿತು. ಮೊದಲು, "ಹೂವಿನ ಗವಸ ಬ್ಯಾಡೋ ಲಾಲೂ, ಬಿಳೇದ ಹಾಕು," ಅಂದಳು. ಆಮೇಲೆ, "ತೆಲ್ಯಾಗಿನ ಹತ್ತಿ ಝಾಡಿಸಿಕೊಂಡ ಬಾ, ಹುಡಿಗ್ಯಾರು ನಗ್ತಾರ," ಅಂದಳು. ಆಮೇಲೆ ಗೇಟಿನ ತನಕ ಬರುವುದನ್ನೂ ಬಿಟ್ಟು ಕಾವಲುಗಾರನ ಹತ್ತಿರ ದಿಂಬು ಇಟ್ಟಿರುತ್ತಿದ್ದಳು. ನಾನು ಅವನ ಹತ್ತಿರ ಬದಲಿ ಮಾಡಿ ಇಳಿದುಬರುತ್ತಿದ್ದೆ. ಅರಳೆಗೆ ತೆಂಗಿನೆಣ್ಣೆಯ ವಾಸನೆ ಇರುತ್ತಿತ್ತು, ನಡುವೆ ತಲೆಯ ಗುಳಿ ಇರುತ್ತಿತ್ತು. ಅಷ್ಟಾದರೂ ಇತ್ತು.

ಒಂದು ರವಿವಾರ ಮಧ್ಯಾಹ್ನ ತಾನಾಗಿಯೇ ಅಂಗಡಿಗೆ ಬಂದಳು. ಹಾರುವ ಹತ್ತಿಯ ನಡುವೆ ಮೂಗು ಮುಚ್ಚಿಕೊಳ್ಳದೆ ಕೂತಳು. ಅವಳು ಹಾಗೆ ಬಂದು ಕೂತು ಎಷ್ಟು ಕಾಲವಾಗಿತ್ತೋ. ನಾನು ಬಿಲ್ಲು ಬದಿಗಿಟ್ಟೆ.

"ನಿನ್ನ ನಿದ್ದಿ ಬೇಕೋ ಲಾಲೂ," ಅಂದಳು.

"ದಿನಾ ಕೊಡಾಕತ್ತೇನಲ್ಲ. ಇನ್ನೇನ ತೂಕಾ ಮಾಡಿ ಕೊಡ್ಲಿ?"

"ನನಗಲ್ಲ. ಎಲ್ಲಾರಿಗೂ." ಆಮೇಲೆ ಅವಳು ಬೆರಳಿನಿಂದ ಹಾಸಿದ ಹತ್ತಿಯ ಮೇಲೆ ಗೆರೆ ಎಳೆದು ತೋರಿಸಿದಳು. ಹುಡುಗಿಯರು ನಿದ್ದೆಗೆಟ್ಟು ಓದಿದ ಉತ್ತರ ಮರೆಯುತ್ತಿದ್ದಾರೆ, ಒಂದು ದಿಂಬು ಮಾಡುತ್ತೇನೆ, ಜಾಣ ದಿಂಬು, ಸ್ಮಾರ್ಟ್ ದಿಂಬು ಅನ್ನುತ್ತಾರೆ. ಅದರಲ್ಲಿ ತಂತಿ ಇರುತ್ತದೆ, ಡಬ್ಬಿ ಇರುತ್ತದೆ. ಒಬ್ಬನ ತಲೆಯ ನಿದ್ದೆಯನ್ನು ಅದು ಪದರ ಪದರವಾಗಿ ಹಿಡಿದಿಟ್ಟುಕೊಂಡು ಎಷ್ಟೋ ದಿಂಬುಗಳಿಗೆ ಹಂಚುತ್ತದೆ. ಮಲಗಿದವಳ ಉಸಿರು ನೋಡಿ ಎಷ್ಟು ಬೇಕೋ ಅಷ್ಟೇ ಬಿಡುತ್ತದೆ, ಏಳುವ ಹೊತ್ತಿಗೆ ತಾನೇ ಮೆಲ್ಲಗೆ ಅಲುಗಿ ಎಬ್ಬಿಸುತ್ತದೆ. ಕೊನೆಯ ವರ್ಷಕ್ಕೆ ಅವಳು ಮಾಡಬೇಕಾದ ಕೆಲಸ ಇದೇ, ಪ್ರದರ್ಶನಕ್ಕೆ ಹೊರಗಿನ ದೊಡ್ಡ ಕಾಲೇಜಿನವರು ಬರುತ್ತಾರೆ. ಹೇಳುತ್ತ ಹೇಳುತ್ತ ಅವಳ ಕಣ್ಣು ಮಿಂಚುತ್ತಿತ್ತು. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. "ತೆಲಿ ಎಲ್ಲಿ ಇಡಬೇಕು ಹೇಳು," ಅಂದೆ.

ಆ ದಿನಗಳಷ್ಟು ಸುಖದ ದಿನಗಳನ್ನು ನಾನು ಕಂಡಿಲ್ಲ. ಹಗಲು ಊಟವಾದ ಮೇಲೆ ಅಂಗಡಿ ಮುಚ್ಚಿ ಕಾಲೇಜಿನ ಪ್ರಯೋಗಶಾಲೆಗೆ ಹೋಗುತ್ತಿದ್ದೆ. ಕಿಟಕಿಯ ಕೆಳಗೆ ಒಂದು ಮೇಜು, ಅದರ ಮೇಲೆ ತಾಯಿ ದಿಂಬು. ಅದು ಅಕ್ಕ ಇಟ್ಟ ಹೆಸರು. ಅದರಿಂದ ತುಂಬಿಸಿಕೊಳ್ಳುವವು ಮರಿ ದಿಂಬು. ಎಲ್ಲವನ್ನೂ ಹೊಲಿದು ತುಂಬಿದವನು ನಾನೇ, ತಂತಿ ಹೆಣೆದವಳು ಅವಳು. ನಾನು ಮಲಗುತ್ತಿದ್ದೆ, ಅವಳು ನನ್ನ ಕಿವಿಯ ಹಿಂದೆ ತಣ್ಣಗಿನ ಬಿಲ್ಲೆ ಅಂಟಿಸುತ್ತಿದ್ದಳು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಮೊದಮೊದಲು ಎಲ್ಲ ಕೆಟ್ಟಿತು. ಡಬ್ಬಿ ಕಿವಿಗೆ ಒತ್ತುತ್ತಿತ್ತು. ತಲೆ ಹೊರಳಿಸಿದರೆ ತಂತಿ ತುಂಡಾಗುತ್ತಿತ್ತು. ಒಂದು ದಿನ ಅವಳು ತನ್ನ ಜಡೆಯನ್ನು ಮುಂದೆ ಎಳೆದುಕೊಂಡು ತಿರುವುತ್ತ ಸುಮ್ಮನೆ ಕೂತಿದ್ದವಳು, "ಹ್ಞಾಂ!" ಅಂತ ಎದ್ದಳು. ತಂತಿಯನ್ನು ಜಡೆಯ ಹಾಗೆ ಹೆಣೆದಳು. ಆಮೇಲೆ ಎಷ್ಟು ಹೊರಳಿದರೂ ತುಂಡಾಗಲಿಲ್ಲ. ಡಬ್ಬಿಯನ್ನು ಮೂಲೆಗೆ ಸರಿಸಿ ಸುತ್ತ ಬೂರಗದ ಅರಳೆ ಇಡು ಅಂದಳು, ಇಟ್ಟೆ. ನಾನು ಪೇಟೆಯಲ್ಲಿ ಕಂಡಕಂಡವರಿಗೆ ಹೇಳಿದೆ, ನಮ್ಮ ಅಕ್ಕ ತಂತಿಗೆ ಜಡೆ ಹಾಕ್ಯಾಳ ಅಂತ. "ನಿನಗ ಹುಚ್ಚ ಹಿಡದೈತೇನಲೇ," ಅಂದರು.

ಯಂತ್ರ ಸರಿಯಾಗುತ್ತ ಬಂದ ಹಾಗೆ ಅವಳು ಸ್ಟೂಲಿನ ಮೇಲೆ ಕೂರುವುದು ಕಡಿಮೆಯಾಯಿತು. ಹಸಿರು ದೀಪ ಹತ್ತಿತೆಂದರೆ, "ಮಲಕೊಂಡಿರು, ಬರ್ತೀನಿ," ಎಂದು ಹೋಗುತ್ತಿದ್ದಳು. ಪಾಠಕ್ಕೆ ಹೋಗುತ್ತಿದ್ದಳು, ಇಟಗಿ ಸರ್ ಹತ್ತಿರ ಹೋಗುತ್ತಿದ್ದಳು. ಕೈಕಾಲು ಆಡಿಸಿದರೆ ಲೆಕ್ಕ ಕೆಡುತ್ತದೆಂದು ಹೇಳಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದೆ. ಹೊರಗೆ ಉದ್ದನೆಯ ಪಡಸಾಲೆ, ಅದರಲ್ಲಿ ಓಡಾಡುವವರ ಚಪ್ಪಲಿಯ ಸಪ್ಪಳ. ಅಕ್ಕನ ಎಡಗಾಲಿನ ಚಪ್ಪಲಿ ಸ್ವಲ್ಪ ಎಳೆಯುತ್ತದೆ. ಸಪ್ಪಳ ಹತ್ತಿರ ಬರುತ್ತಿತ್ತು, ಅದು ಅವಳದಲ್ಲ. ಮತ್ತೊಂದು ಬರುತ್ತಿತ್ತು, ಅದೂ ಅಲ್ಲ. ಒಮ್ಮೊಮ್ಮೆ ಬೇರೆ ಯಾರೋ ಹುಡುಗಿ ಬಂದು ಬಿಲ್ಲೆ ಬಿಚ್ಚಿ, "ಅಕ್ಕಾ ಹೋಗಂತ ಹೇಳ್ಯಾರ್ರಿ," ಅನ್ನುತ್ತಿದ್ದಳು.

ಅಷ್ಟರಲ್ಲೇ ಒಂದು ದಿನ ಅಕ್ಕ ಹೇಳಿದಳು, "ಇನ್ನ ದಿಂಬ ತುಗೊಂಡ ದಿನಾ ಬೆಳಿಗ್ಗೆ ಓಡಿ ಬರಬ್ಯಾಡೋ. ನಾನೂ ಮರಿ ದಿಂಬಿನ ಮ್ಯಾಲೇ ಮಲಗ್ತೀನಿ. ಅದರಾಗಿರೂದೂ ನಿನ್ನ ನಿದ್ದೀನ ಅಲ್ಲೇನು?"

ಹೌದು, ಅದರಲ್ಲಿ ಇರುವುದು ನನ್ನ ನಿದ್ದೆ. ಹಾಗಾದರೆ ನನಗೆ ನಿದ್ದೆ ಎಲ್ಲಿಂದ ಬರಬೇಕು ಎಂದು ನಾನು ಕೇಳಬಹುದಿತ್ತು. ಅವಳಿಗೇ ನೆನಪಾಗಲಿ ಎಂದು ನಿಂತೆ. ಅವಳಿಗೆ ನೆನಪಾಯಿತು ಕೂಡ. "ನೀ ಅವ್ವನ ಜೋಡಿ ಬದಲಿ ಮಾಡ್ಕೋ," ಅಂದಳು, ಅಂಗಡಿಗೆ ಬಾಗಿಲು ಹಾಕಿಕೋ ಅಂದಷ್ಟು ಸಲೀಸಾಗಿ.

ನಾನು ಮಾಡಿಕೊಳ್ಳಲಿಲ್ಲ. ಅವ್ವ ತಾನೇ ತನ್ನ ದಿಂಬು ತಂದು ನನ್ನ ಹಾಸಿಗೆಯ ಮೇಲಿಟ್ಟಳು. "ಚನ್ನವ್ವಗ ಹೇಳ್ತೇನಿ, ನಾಕ ದಿನಾ ಸೊಸೀ ಜೋಡಿ ಮಾಡ್ಕೋತಾಳ," ಅಂದಳು. ಎತ್ತಿ ವಾಪಸು ಕೊಟ್ಟೆ. ಇನ್ನೊಬ್ಬರ ದಿಂಬಿಗೆ ತಲೆ ಇಟ್ಟರೆ ಹಳೆಯ ಬದಲಿ ಮುಗಿಯಿತು ಎಂದೇ ಅರ್ಥ, ಅದು ಎಲ್ಲರಿಗೂ ಗೊತ್ತು. ಮದುಮಗನಿಲ್ಲ, ಎರಡು ಕೈಯಲ್ಲಿ ಎತ್ತಿ ಕೊಡಲಿಲ್ಲ, ಅಳಲಿಲ್ಲ, ಒಂದು ಡಬ್ಬಿಯ ಹಸಿರು ದೀಪ ಹತ್ತಿತೆಂದು ಮುಗಿದುಹೋಗುವುದೇ? "ಆಕಿ ಕಳಸ್ತಾಳ," ಅಂದೆ. "ಯಾವಾಗ?" ಅಂದಳು ಅವ್ವ. ಅವ್ವನ ಮೇಲೆ ರೇಗಿದೆ. ಅಂಗಡಿಗೆ ಹೋಗಿ ಹತ್ತಿಯನ್ನು ಸಾಯಬಡಿದೆ. ಯಾರೋ ಗಿರಾಕಿ, "ಹಿಂಜಾಕತ್ತಿಯೋ ಕೊಲ್ಲಾಕತ್ತಿಯೋ," ಅಂದ. ಅವನ ಗಾದಿಯನ್ನು ಅರ್ಧಕ್ಕೇ ಸುತ್ತಿ ಬೀದಿಗೆ ಒಗೆದೆ.

ಮರಿ ದಿಂಬುಗಳ ಹೊರೆಯನ್ನು ಹಾಸ್ಟೆಲಿಗೆ ಹೊತ್ತುಹೋದ ದಿನವೇ ಇಟಗಿ ಸರ್ ನನ್ನ ತಲೆ ಬಡಿದು ತೋರಿಸಿದ್ದು. ಅವರ ಮಾತಿಗೆ ನನಗೆ ಉತ್ತರವಿತ್ತು, ಕೊಟ್ಟೆ. ಹಲ್ಲು ಕಾಣುವ ಹಾಗೆ ನಕ್ಕ ಅಕ್ಕನಿಗೆ ಏನು ಉತ್ತರ ಕೊಡುವುದು? ಆದರೂ ಮರುದಿನ ಮತ್ತೆ ಹೋಗಿ ತಾಯಿ ದಿಂಬಿನ ಮೇಲೆ ತಲೆ ಇಟ್ಟೆ. ಹೋಗದಿದ್ದರೆ ಅವಳ ಕೆಲಸ ನಿಲ್ಲುತ್ತಿತ್ತು. ಹೋದರೆ ಪಡಸಾಲೆಯಲ್ಲಿ ಆ ಸಪ್ಪಳವಾದರೂ ಕೇಳೀತು.

ದಿಂಬು ಗೆದ್ದಿತು. ಅದನ್ನು ಹೇಳಲೇಬೇಕು. ಹುಡುಗಿಯರು ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಹೋದರು. ಖಾಲಿ ಪ್ರಶ್ನೆಪತ್ರಿಕೆ ಮತ್ತೆ ಯಾರ ಕನಸಿಗೂ ಬರಲಿಲ್ಲ. ಗಲ್ಲಗಳಿಗೆ ಬಣ್ಣ ಬಂತು, ಪಾಠದಲ್ಲಿ ಕೇಳಿದ್ದಕ್ಕೆ ಉತ್ತರ ಬಂತು. ಪೇಟೆಯಲ್ಲಿ ಜನ ನನ್ನನ್ನು ನಿಲ್ಲಿಸಿ, "ನಿಮ್ಮ ಅಕ್ಕ ಭಾರೀ ಶಾಣ್ಯಾಕಿ ಬಿಡಪಾ," ಅಂದರು. ಚನ್ನವ್ವ ನನಗೂ ಒಂದು ಅಂಥದ್ದು ಕೊಡಿಸು, ನಿಮ್ಮವ್ವನ ಕಾಟ ತಪ್ಪಲಿ ಅಂದಳು. ನಾನು ಮಾತ್ರ ಕಣ್ಣೆವೆ ಮುಚ್ಚಿದ್ದಿಲ್ಲ. ನಿಂತರೆ ನೆಲ ತೇಲುತ್ತಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಶಾಬಾಸು ಬೇಕಾಗಿತ್ತು ನನಗೆ. ಎಚ್ಚರದಲ್ಲಿ ನನ್ನ ಬಾಯಿಗೆ ಯಾವತ್ತೂ ಬರದ ಆ ಉತ್ತರ ಒಂದೇ ಒಂದು ಸಲ ಬಂದು ಹೋಗಬೇಕಾಗಿತ್ತು.

ಆಮೇಲೆ ಹಾಸ್ಟೆಲಿನಿಂದ ಬೇರೆ ಸುದ್ದಿ ಬರತೊಡಗಿತು. ಹುಡುಗಿಯರು ಬೆಳಿಗ್ಗೆ ಎದ್ದು ಹಲ್ಲು ಕೂಡ ಉಜ್ಜದೆ ಬಾಗಿಲಲ್ಲಿ ನಿಲ್ಲುತ್ತಾರಂತೆ. ಚಪ್ಪಲಿಯ ಸಪ್ಪಳವಾದರೆ ಎಲ್ಲರೂ ಒಮ್ಮೆಲೇ ತಿರುಗಿ ನೋಡುತ್ತಾರಂತೆ. ಬಂದದ್ದು ಅಡುಗೆಯವಳೋ ಕಸ ಗುಡಿಸುವವಳೋ ಆದರೆ ಮುಖ ಬಾಡಿಸಿಕೊಂಡು ಮತ್ತೆ ಪಡಸಾಲೆ ನೋಡುತ್ತಾರಂತೆ. ಇಬ್ಬರು ಹುಡುಗಿಯರು ಯಾರಿಗೂ ಹೇಳದೆ ಊರಿಗೆ ಹೋಗಿಬಿಟ್ಟರು. ಇನ್ನೂ ಕೆಲವರು ಗಂಟು ಕಟ್ಟಿಟ್ಟುಕೊಂಡಿದ್ದರು. ಪ್ರದರ್ಶನ ಹತ್ತಿರ ಬಂದಿತ್ತು. ಇಟಗಿ ಸರ್ ನನಗೆ ಹೇಳಿಕಳಿಸಿದರು.

ಬೆಳಗಿನ ಬಿಸಿಲು ಆಗಷ್ಟೇ ಅಂಗಳಕ್ಕೆ ಇಳಿದಿತ್ತು. ಮೆಟ್ಟಿಲ ಮೇಲೆ ಹುಡುಗಿಯರೆಲ್ಲ ಸಾಲಾಗಿ ಕೂತಿದ್ದರು. ನನ್ನ ಸೈಕಲಿನ ಸಪ್ಪಳಕ್ಕೆ ಎಲ್ಲರೂ ಕತ್ತೆತ್ತಿದರು, ನಾನೆಂದು ಕಂಡು ಇಳಿಸಿದರು. ಅಕ್ಕ ಕಂಬಕ್ಕೆ ಆತು ನಿಂತಿದ್ದಳು. ಇಟಗಿ ಸರ್ ಒಂದು ಮರಿ ದಿಂಬನ್ನು ನನ್ನ ಮುಖದ ಮುಂದೆ ಹಿಡಿದು ಅಲ್ಲಾಡಿಸಿದರು.

"ಏನ ತುಂಬಿದಿಲೇ ಇದರಾಗ?"

"ಅರಳಿ," ಅಂದೆ. "ಬೂರಗದ್ದು. ಬೇಕಾದ್ರ ಹರದ ನೋಡ್ರಿ."

"ಅರಳಿ ಕೇಳಿಲ್ಲ ನಾ. ಕಸ್ತೂರಿ, ಬಾ ಇಲ್ಲೆ. ಏನಾಗ್ತೈತಿ ಹೇಳು."

ಕಸ್ತೂರಿ ಎಂಬ ಹುಡುಗಿ ಎದ್ದು ನಿಂತಳು. ಉಗುರು ಕಡಿಯುತ್ತ ನನ್ನ ಕಡೆ ನೋಡದೆ ಹೇಳಿದಳು, "ನಿದ್ದಿ ಮಸ್ತ್ ಬರ್ತೈತ್ರಿ. ಆದ್ರ ನಿದ್ದಿ ತುಂಬ ಯಾರ್ನೋ ಕಾಯೂದಾ ಆಗ್ತೈತ್ರಿ. ಅಲ್ಲಾಡಬಾರದು ಅಂತ ಬಿದ್ದಿರ್ತೀನಿ. ಹೊರಗ ಚಪ್ಪಲಿ ಸಪ್ಪಳ ಆಗ್ತೈತಿ. ಬಂದ್ಳು ಅನಸ್ತೈತಿ. ಬರೂದಿಲ್ರಿ."

"ಯಾರು ಬರೂದಿಲ್ಲ?"

"ನನಗ ಒಡಹುಟ್ಟಿದವ್ರ ಯಾರೂ ಇಲ್ರಿ ಸರ. ಒಬ್ಬಾಕಿನ ನಾನು," ಅಂದಳು ಕಸ್ತೂರಿ. ಅವಳ ದನಿ ಒಡೆಯಿತು. "ಆದ್ರೂ ಏಳೂಮುಂದ ಅಕ್ಕಾ ಬರಲಿಲ್ಲ, ಅಕ್ಕಾ ಬರಲಿಲ್ಲ ಅಂತ ಅಳು ಬರ್ತೈತ್ರಿ."

ಮೆಟ್ಟಿಲಿನ ಮೇಲಿಂದ ಇನ್ನೊಬ್ಬಳು, "ನನಗೂ ಹಂಗ ಆಗ್ತೈತ್ರಿ," ಅಂದಳು. ಮತ್ತೊಬ್ಬಳು ತಲೆ ಆಡಿಸಿದಳು. ಯಾರೋ ಮೂಗು ಎಳೆದುಕೊಂಡರು. ಅವತ್ತು ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅಂಗಿ ಬಿಚ್ಚಿಸಿ ಅಂಗಳದ ನಡುವೆ ನಿಲ್ಲಿಸಿದ ಹಾಗಾಯಿತು ನನಗೆ. ನನ್ನ ಸಿಟ್ಟನ್ನು ಊರು ನೋಡಿತ್ತು, ಅದಕ್ಕೆ ನಾನು ನಾಚಿದವನಲ್ಲ. ಇದನ್ನು ನಾನು ಅವ್ವನಿಗೂ ತೋರಿಸಿರಲಿಲ್ಲ.

ಅಕ್ಕ ನನ್ನನ್ನು ನೋಡಿದಳು. ಅವಳಿಗೆ ಕೇಳುವುದು ಏನೂ ಉಳಿದಿರಲಿಲ್ಲ. ಅವಳೂ ಮಲಗುತ್ತಿದ್ದದ್ದು ಅದೇ ನಿದ್ದೆಯ ಮೇಲೆ. ತಾನು ಬರಲಿಲ್ಲವೆಂದು ತಾನೇ ಎದ್ದು ಕೂತಿರಬೇಕು ಅವಳು, ಯಾಕೆಂದು ತಿಳಿಯದೆ. ಅವಳು ಒಮ್ಮೆಲೇ ತಿರುಗಿ ಒಳಗೆ ಹೋದಳು, ಎಡಗಾಲು ಎಳೆಯುತ್ತ. ಮೆಟ್ಟಿಲ ಮೇಲಿದ್ದ ಹುಡುಗಿಯರೆಲ್ಲ ಆ ಸಪ್ಪಳಕ್ಕೆ ಬೆನ್ನು ನೆಟ್ಟಗೆ ಮಾಡಿದರು. ಹೊರಗೆ ಬಂದಾಗ ಅವಳ ಕೈಯಲ್ಲಿ ಮನೆಯಿಂದ ತಂದಿದ್ದ ಹಳೆಯ ದಿಂಬಿತ್ತು. ಅಂದರೆ ಅದನ್ನು ಬಿಸಾಕಿರಲಿಲ್ಲ. ಮಡಿಲಲ್ಲಿ ಇಟ್ಟು ಓದುತ್ತಿದ್ದಳೋ, ಹಗಲು ಒಂದಿಷ್ಟು ತಲೆ ಇಡುತ್ತಿದ್ದಳೋ, ನಡುವಿನ ಗುಳಿ ಹೊಸದಾಗಿತ್ತು. ಗವಸಿಗೆ ಒಂದು ಉದ್ದನೆಯ ಕೂದಲು ಅಂಟಿಕೊಂಡಿತ್ತು.

"ತುಗೋ ಲಾಲೂ," ಅಂದಳು. ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ನನ್ನ ಕೈ ನನ್ನನ್ನು ಕೇಳದೆಯೇ ಅರ್ಧ ಮುಂದೆ ಹೋಗಿತ್ತು. ಆಗ ಅವಳು ಇಟಗಿ ಸರ್ ಕಡೆ ಒಮ್ಮೆ ನೋಡಿ ಮಾತು ಪೂರ್ತಿ ಮಾಡಿದಳು. "ಪ್ರದರ್ಶನ ಮುಗಿಯೂತನ ದಿನಾ ಬದಲಿ ಮಾಡೂಣು. ನಿನ್ನ ತೆಲಿ ಒಂದೀಟ ತಣ್ಣಗಾದ್ರ ಇವೂ ಎಲ್ಲಾ ಸರಿ ಹೋಗ್ತಾವ. ಒಯ್ತಿಯಿಲ್ಲೋ?"

ತೆಂಗಿನೆಣ್ಣೆಯ ವಾಸನೆ ನನ್ನ ಮೂಗಿನ ತನಕ ಬಂದಿತ್ತು. ಮಲಗಿದರೆ ಅವತ್ತೇ ನಿದ್ದೆ ಬರುತ್ತಿತ್ತು. ಮುಗಿಯೂತನ ಎಂಬ ಮಾತನ್ನು ನುಂಗಿಕೊಂಡುಬಿಟ್ಟರೆ ಪ್ರದರ್ಶನದ ತನಕವಾದರೂ ಪಡಸಾಲೆ, ಪಾಠ, ಎತ್ತಿದ ಕೈ, ಎಲ್ಲ ನನ್ನದಾಗುತ್ತಿತ್ತು. ಮುಗಿದ ಮೇಲೆ? ಅವಳಿಗೆ ಅದನ್ನು ಕೇಳಬಹುದಿತ್ತು. ಇಟಗಿ ಸರ್ ಮುಂದೆ, ಹುಡುಗಿಯರ ಮುಂದೆ, ನಾನು ಆಡಬಹುದಾದ ಮಾತುಗಳು ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತಿದ್ದವು, ಒಂದಕ್ಕಿಂತ ಒಂದು ಹರಿತ. ಯಾವುದನ್ನು ಆಡಿದರೂ ಅವಳ ಕೈ ಕೆಳಗಿಳಿಯುತ್ತಿತ್ತು. ಅದು ಇಳಿಯುವುದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ.

ದಿಂಬು ಮುಟ್ಟದೆ ಕೈ ಹಿಂದೆಳೆದುಕೊಂಡು, ಸೈಕಲಿನ ಸ್ಟ್ಯಾಂಡು ಒದ್ದು ಮುಂದಿನ ಗಾಲಿಯನ್ನು ಗೇಟಿನ ಕಡೆಗೆ ತಿರುಗಿಸಿದೆ.

"ಏ, ಆಕಿ ಕೇಳಾಕತ್ತಾಳ! ಬಾಯಿಲ್ಲೇನಲೇ?" ಇಟಗಿ ಸರ್ ಕೂಗಿದರು.

"ಲಾಲೂ," ಅಂದಳು ಅಕ್ಕ. ಜೋರಾಗಿ ಅಲ್ಲ. ಬೆನ್ನ ಹಿಂದೆ ಒಂದು ಹೆಜ್ಜೆಯ ಸಪ್ಪಳವಾಯಿತು, ಆಮೇಲೆ ಆಗಲಿಲ್ಲ. ಗೇಟು ದಾಟಿದರೆ ಮುಂದೆಲ್ಲ ಇಳಿಜಾರು, ಪೇಟೆಯ ತನಕ ಪೆಡಲು ತುಳಿಯುವ ಕೆಲಸವೇ ಇಲ್ಲ, ಹತ್ತಿ ಕೂತರೆ ಗಾಳಿಯ ಹಾಗೆ ಹೋಗಬಹುದು. ನಾನು ಹತ್ತಲಿಲ್ಲ. ತಳ್ಳಿಕೊಂಡೇ ನಡೆದೆ, ಎಷ್ಟು ಮೆಲ್ಲಗೆ ನಡೆಯಲು ಸಾಧ್ಯವೋ ಅಷ್ಟು ಮೆಲ್ಲಗೆ.